ನಡುವೆ ಬಾಯಿ ಹಾಕುವ ಹಕ್ಕು

“ನಿನ್ನ ಕರಡು ಒಂದು ವರ್ಷ ಮಲಗಿರಲಿ ಬಿಡಮ್ಮ, ಏನು ಗಂಟು ಹೋಗುತ್ತೆ?” ಎಂದು ಅಧ್ಯಕ್ಷ ಲೂಡೊ ಕರಿದ ಆಲೂಗಡ್ಡೆಯನ್ನು ಮೇಯನೇಸಿಗೆ ಅದ್ದಿ ಬಾಯಿಗಿಟ್ಟುಕೊಂಡಾಗ ಲೀವಳಿಗೆ ಮೈಯೆಲ್ಲ ಉರಿದುಹೋಯಿತು.

ಬ್ರಸೆಲ್ಸಿನ ಕೆಫೆಯೊಂದರ ಮಹಡಿಯಲ್ಲಿ ಹನ್ನೆರಡು ಮಂದಿ ಸೇರಿದ್ದರು. ಯಾವ ಕಂಪನಿಯ ಹಂಗೂ ಇಲ್ಲದೆ ಯಾರ ಫೋನಿನಿಂದ ಯಾರ ಫೋನಿಗಾದರೂ ಸಂದೇಶ ಹೋಗುವಂತೆ ನಿಯಮ ಬರೆಯುವ ಜನ. ಲೀವ ಬರೆದ ಕರಡು ಹೇಳುವುದಿಷ್ಟೆ: ಒಬ್ಬರು ಟೈಪ್ ಮಾಡುತ್ತಿರುವಾಗಲೇ ಅದು ಅಕ್ಷರ ಅಕ್ಷರವಾಗಿ ಇನ್ನೊಬ್ಬರಿಗೆ ಕಾಣಬೇಕು. ಹನ್ನೆರಡು ತಿಂಗಳು ಯಾರೂ ಮುಟ್ಟದ ಕರಡನ್ನು ‘ಮಲಗಿದವು’ ಎಂಬ ಪಟ್ಟಿಗೆ ತಳ್ಳುವುದು ಅಲ್ಲಿನ ಪದ್ಧತಿ. ಅದನ್ನು ತಪ್ಪಿಸಲು ಆರು ವರ್ಷದಿಂದ ಪ್ರತಿ ಜನವರಿಯಲ್ಲೂ ಅವಳು ಒಂದು ವರ್ಷ ಅಲ್ಪವಿರಾಮ ಸೇರಿಸುತ್ತಿದ್ದಳು, ಮರುವರ್ಷ ತೆಗೆಯುತ್ತಿದ್ದಳು. ಈ ಸಲ ಆ ಆಟ ನಡೆಯದು ಎಂದು ಲೂಡೊ ಮೊದಲೇ ಹೇಳಿಬಿಟ್ಟಿದ್ದ. ಇವತ್ತು ಪಾಸಾಗಬೇಕು, ಇಲ್ಲವೇ ಮಲಗಬೇಕು.

“ಕಳಿಸೋ ಗುಂಡಿ ಒತ್ತಿದ್ರೆ ಕಣ್ಣು ಮಿಟುಕಿಸೋದ್ರೊಳಗೆ ಹೋಗುತ್ತೆ. ಒಂದೊಂದೇ ಅಕ್ಷರ ನೋಡ್ಕೊಂಡು ಯಾರಿಗೇನಾಗ್ಬೇಕು?” ಎಂದ ಲೂಡೊ.

“ನೀವು ಮಾತಾಡ್ತಿದ್ರೆ ನಾನು ಸುಮ್ನೆ ಕೂತಿದ್ದೀನಾ? ಆಗ್ಲೇ ಮೂರು ಸಲ ನಡುವೆ ಬಾಯಿ ಹಾಕಿದೀನಿ. ನಮ್ಮಣ್ಣ ಈ ನಲವತ್ತು ವರ್ಷದಲ್ಲಿ ಕಿವಿ ಕೇಳೋರ ಮಾತಿಗೆ ಒಂದು ಸಲಾನೂ ಅಡ್ಡ ಬಂದಿಲ್ಲ. ಅವನಿಗೆ ತಿಳಿಯೋ ಹೊತ್ತಿಗೆ ನೀವೆಲ್ಲ ತೀರ್ಮಾನ ಮಾಡಿ ಎದ್ದಿರ್ತೀರಿ!”

ಅಣ್ಣ ವನ್ನೆಸ್ ಪಕ್ಕದಲ್ಲೇ ಕುಳಿತಿದ್ದ. ಗೆಂಟ್ ಊರಿನ ಟ್ರಾಮ್ ಡಿಪೋದಲ್ಲಿ ಮೆಕ್ಯಾನಿಕ್; ಹುಟ್ಟಿನಿಂದ ಕಿವುಡ. ಕೋಪದ ಭರದಲ್ಲಿ ಲೀವ ಅವನಿಗೆ ಕೈಸನ್ನೆ ಮಾಡುವುದನ್ನೇ ಮರೆತಿದ್ದಳು. ಏನಂದರು ಎಂದು ಅವನು ತೋಳು ಜಗ್ಗಿದ.

“ನೋಡಮ್ಮ, ಪಾಸಾಗ್ಬೇಕಾದ್ರೆ ಬರೀ ಕರಡು ಓದಿ, ಬರೆದೋರನ್ನಾಗ್ಲಿ ಒಬ್ಬರನ್ನೊಬ್ಬರಾಗ್ಲಿ ಕೇಳದೆ, ಇಬ್ಬರು ಬೇರೆಬೇರೆಯಾಗಿ ಪ್ರೋಗ್ರಾಮು ಮಾಡಿ ತೋರಿಸ್ಬೇಕು,” ಎಂದ ಲೂಡೊ. “ರಾಟರ್‌ಡ್ಯಾಮಿನವನೊಬ್ಬ ಒಂದು ಮಾಡಿದ. ಎರಡನೇದೆಲ್ಲಿ?”

“ಎರಡನೇದು ಮುಂದಿನ ವಾರ ನಾನು ಮಾಡ್ತೀನಿ ಅಂದೋರು ನೀವೇ. ಆ ವಾರಕ್ಕೆ ನಾಲ್ಕು ವರ್ಷ ತುಂಬಿತು! ಕಾದು ಸಾಕಾಗಿ ವನ್ನೆಸೇ ಮಾಡಿದಾನೆ.”

“ನಿನ್ನ ಅಣ್ಣ! ಒಂದೇ ಮೇಜಿನಲ್ಲಿ ಸೂಪು ಕುಡಿಯೋರು ಬೇರೆಬೇರೆ ಹ್ಯಾಗಾಗ್ತೀರಿ?”

ಲೀವಳಿಗೆ ಅಳುವೇ ಬಂತು. ಎರಡು ವರ್ಷ, ಪ್ರತಿ ಭಾನುವಾರ, ಅವನು ಕರಡಿನ ಹಾಳೆ ಹಿಡಿದು ಅನುಮಾನ ಕೇಳಲು ಕೈ ಎತ್ತಿದಾಗಲೆಲ್ಲ ಅವಳು ಕಣ್ಣು ಮುಚ್ಚಿಕೊಂಡಿದ್ದಳು. ಕಿವುಡನ ಮಾತಿನ ಮುಖಕ್ಕೆ ಬಾಗಿಲು ಹಾಕಿದಂತೆ ಅದು. ಗೊತ್ತಿದ್ದೂ ಮಾಡಿದ್ದಳು, ಈ ಹಾಳು ನಿಯಮಕ್ಕೆ ಭಂಗ ಬರಬಾರದೆಂದು.

ಅವಳು ಎಲ್ಲವನ್ನೂ ಸನ್ನೆಯಲ್ಲಿ ಹೇಳಿ ಮುಗಿಸಿದ ಮೇಲೆ ವನ್ನೆಸ್ ಎದ್ದ. ರಾಟರ್‌ಡ್ಯಾಮಿನವನ ಪ್ರೋಗ್ರಾಮು ಇದ್ದ ಲ್ಯಾಪ್‌ಟಾಪನ್ನು ಲೂಡೊನ ಮುಂದೆ ತಳ್ಳಿ, ತನ್ನ ಪ್ರೋಗ್ರಾಮು ಇದ್ದ ಫೋನನ್ನು ಕೈಗೆತ್ತಿಕೊಂಡು, ಬರೆಯಿರಿ ಎಂದು ಬೆರಳು ತೋರಿಸಿದ. ಎರಡೂ ಕಡೆಯ ಮಾತು ಗೋಡೆಯ ಮೇಲಿನ ಪರದೆಯಲ್ಲಿ ಮೂಡುವಂತಿತ್ತು.

ಲೂಡೊ ಬೇಸರದಿಂದಲೇ ಬೆರಳು ಒರೆಸಿಕೊಂಡು ಕುಟ್ಟತೊಡಗಿದ: “ನಿಮ್ಮ ಶ್ರಮ ದೊಡ್ಡದು, ಆದರೆ ನಮ್ಮ ಪದ್ಧತಿಯ ಪ್ರಕಾರ ಇಂಥ ಮನೆಮಂದಿಯ ಕೆಲಸ...”

“ತಡೀರಿ,” ಎಂದು ಆ ಸಾಲಿನ ಕೆಳಗೇ ವನ್ನೆಸನ ಅಕ್ಷರಗಳು ಓಡಿ ಬಂದವು. “ನನಗೆ ಯಾರೂ ಏನೂ ಹೇಳ್ಕೊಟ್ಟಿಲ್ಲ. ಕರಡು ಓದಿಯೇ ಮಾಡಿದ್ದು. ನೀವು ಓದಿದೀರಾ?”

ಲೂಡೊನ ವಾಕ್ಯ ಅರ್ಧಕ್ಕೇ ನಿಂತಿತು. ಅವನು ಹೊಸ ಸಾಲಿನಲ್ಲಿ “ಪೂರ್ತಿ ಓದೋಕೆ ಪುರುಸೊತ್ತೆಲ್ಲಿ” ಎಂದು ಕುಟ್ಟಿ, ಒಂದು ಗಳಿಗೆ ಯೋಚಿಸಿ, ಹಿಂದಿನಿಂದ ಒಂದೊಂದೇ ಅಕ್ಷರ ಅಳಿಸಿ, ಆ ಜಾಗದಲ್ಲಿ “ಖಂಡಿತ ಓದಿದ್ದೇನೆ” ಎಂದು ಬರೆದು, ಹಳೆಯ ಅಭ್ಯಾಸದಂತೆ ಕಳಿಸುವ ಗುಂಡಿ ಒತ್ತಿ, ಗತ್ತಿನಿಂದ ತಲೆಯೆತ್ತಿದ.

ಕೋಣೆಯಲ್ಲಿ ಯಾರೂ ಅವನನ್ನು ನೋಡುತ್ತಿರಲಿಲ್ಲ. ಎಲ್ಲರ ಕಣ್ಣೂ ಪರದೆಯ ಮೇಲೇ ಇತ್ತು. ಬರೆದದ್ದಷ್ಟೇ ಅಲ್ಲ, ಅಳಿಸಿದ್ದೂ ಅಕ್ಷರ ಅಕ್ಷರವಾಗಿ ಕಾಣಬೇಕು ಎಂಬ ಮಾತು ಕರಡಿನ ಎರಡನೆಯ ಪುಟದಲ್ಲೇ ಇತ್ತು.