ಭಾನುವಾರದ ಲಾರಿ

“ಎರಡು ವರ್ಷದಿಂದ ಸ್ಟಾರ್ಟೇ ಆಗಿಲ್ಲ ಮಾರಾಯ, ಇದನ್ನ ಕೊಂಡು ಏನ್ ಮಾಡ್ತೀಯ?” ಎಂದ ಮುದುಕ ವಿಲ್ಫ್, ಲಾರಿಯ ಬಾಗಿಲಿಗೆ ಅಡ್ಡ ನಿಂತು. ಮಾರಲೇಬೇಕೆಂದು ಹಟ ಹಿಡಿದಿದ್ದ ಹೆಂಡತಿ ಎನಿಡ್ ಚರ್ಚಿಗೆ ಹೋಗಿದ್ದಳು.

ಕೊಳ್ಳಲು ಬಂದ ಕ್ಲೆಮ್ ಕೂಡ ಲ್ಯಾಂಕಶೈರಿನ ಗುಡ್ಡಗಳಲ್ಲಿ ಇಂಥದೇ ಫೋಡನ್ ಲಾರಿ ಓಡಿಸಿ ಮುದುಕನಾದವನು. ವಿಲ್ಫ್‌ನನ್ನು ಪಕ್ಕಕ್ಕೆ ಸರಿಸಿ ಒಳಗೆ ಹತ್ತಿ, ಸೀಟಿನ ಪಕ್ಕದ ಇಂಜಿನ್ ಮುಚ್ಚಳ ಎತ್ತಿದ. ಹಿಂದೆ ಚಾಲಕರೆಲ್ಲ ಇಂಜಿನ್ನಿನ ಕಾವಿಗೆ ಬುತ್ತಿ ಬಿಸಿಮಾಡಿಕೊಳ್ಳುತ್ತಿದ್ದ ಜಾಗದಲ್ಲೇ ಮಾಂಸ ತುಂಬಿದ ಕಡುಬಿನಂಥ ಪೈಯೊಂದು ಹಬೆಯಾಡುತ್ತಿತ್ತು.

“ಇದೇನಣ್ಣ, ದೇವರ ಪವಾಡವಾ?”

ವಿಲ್ಫ್ ಟೋಪಿ ತೆಗೆದು ತಲೆ ತಗ್ಗಿಸಿದ. “ಅವಳು ಪ್ರಾರ್ಥನೆಗೆ ಹೋದಾಗ ಇದರಲ್ಲಿ ಒಂದು ಸುತ್ತು ಹೊಡೀದಿದ್ರೆ ಜೀವ ತಡಿಯಲ್ಲ ಕಣೋ. ಅರ್ಧ ನೀನೇ ತಗೋ, ಅವಳಿಗೆ ಮಾತ್ರ ಹೇಳ್ಬೇಡ.”

ಕ್ಲೆಮ್ ತನ್ನ ಪಾಲನ್ನು ಬಾಯಿಗಿಟ್ಟಿದ್ದನಷ್ಟೆ, ಎನಿಡ್ ಗೇಟು ತೆರೆದಳು.

“ಇಂಜಿನ್ ಹೇಗಿದೆಯಪ್ಪಾ?”

“ಪೂರ್ತಿ ತಣ್ಣಗಾಗಿದೆ ಅಕ್ಕಾ, ನಂಗೆ ಬೇಡ,” ಎಂದ ಕ್ಲೆಮ್, ಸುಟ್ಟ ನಾಲಿಗೆಗೆ ಗಾಳಿ ಹಾಕಿಕೊಳ್ಳುತ್ತ.