ಹೆಬ್ಬಕದ ಗಂಟು

ಮೊನ್ನೆ ತೀರಿಕೊಂಡ ಅವ್ವನ ಕುಡುಗೋಲನ್ನು ಒರೆಸಿಡಲು ಎತ್ತಿಕೊಂಡರೆ ಅದರ ಹಿಡಿಯಲ್ಲಿ ಇನ್ನೂ ಒಣಹುಲ್ಲಿನ ವಾಸನೆ ಇದೆ.

ಚನ್ನರಾಯಪಟ್ಟಣದ ಕಡೆಯ ನಮ್ಮೂರಿಗೆ ದನ ಮೇಯುವ ದೊಡ್ಡ ಕಾವಲಿತ್ತು. ಅಲ್ಲಿ, ಆಗಿನ್ನೂ ಪುಟ್ಟ ಹುಡುಗಿಯಾಗಿದ್ದ ನನ್ನೆತ್ತರದ ಹೆಬ್ಬಕ ಹಕ್ಕಿ ಹುಲ್ಲಿನ ನಡುವಿನ ಬರಿನೆಲದ ಮೇಲೆ ಒಂದೇ ಮೊಟ್ಟೆ ಇಡುತ್ತಿತ್ತು. ಹುಲ್ಲು ಕೊಯ್ಯುವಾಗ ಮೊಟ್ಟೆ ಕಂಡವರು ಸುತ್ತಲಿನ ಹುಲ್ಲನ್ನು ಗಂಟು ಹಾಕಿ, ಅಷ್ಟನ್ನು ಬಿಟ್ಟುಬಿಡುತ್ತಿದ್ದರು. ಒಂದು ವರ್ಷ ಗಂಟು ಹಾಕಿದ್ದು ಅವ್ವ.

ಒಂದು ಮಧ್ಯಾಹ್ನ ನೀಲಗಿರಿ ಸಸಿ ನೆಡಲೆಂದು ಟ್ರ್ಯಾಕ್ಟರ್ ಬಂದು ಕಾವಲನ್ನು ಉಳತೊಡಗಿತು. ಅವ್ವ ಓಡಿಹೋಗಿ ಅಡ್ಡ ನಿಂತಳು.

"ನಿಲ್ಸಣ್ಣ, ಮೊಟ್ಟೆ ಐತೆ!"

"ಗಂಟು ಕಂಡೆ ಕಣಕ್ಕ. ನಾನೇನು ಬೇರೆ ಸೀಮೆಯವ್ನಾ? ಅದನ್ನ ತುಳಿಯಾಕಿಲ್ಲ, ಓಗು," ಎಂದು ಡ್ರೈವರ್ ನಕ್ಕ.

ಹೇಳಿದಂತೆಯೇ ನಡೆದುಕೊಂಡ. ಸಂಜೆಯ ಹೊತ್ತಿಗೆ ಉತ್ತ ಕೆಂಪು ನೆಲದ ನಡುವೆ ಮಂಚದಗಲ ಹುಲ್ಲು ನಿಂತಿತ್ತು. ಹಕ್ಕಿ ದೂರದ ಬದುವಿನ ಮೇಲೆ ಕಾಣಿಸಿಕೊಂಡಿತು. ಮರೆಯಿಲ್ಲದ ಹೆಂಟೆಗಳ ಮೇಲೆ ಸ್ವಲ್ಪ ದೂರ ನಡೆದು ಬಂತು, ನಿಂತಿತು, ತಿರುಗಿ ಹೋಯಿತು.

"ಇನ್ನೇನಕ್ಕ, ಬುಟ್ಟಿವ್ನಲ್ಲ ಅದ್ರ ಜಾಗವ!" ಡ್ರೈವರ್ ಬೀಡಿ ಹಚ್ಚುತ್ತ ಅಂದ. ಅವ್ವ ಕುಡುಗೋಲನ್ನು ನೆಲಕ್ಕೆ ಕುಕ್ಕಿದಳು.

ಟ್ರ್ಯಾಕ್ಟರ್ ಹೋದ ಮೇಲೂ ಅವ್ವನೂ ನಾನೂ ಈಚೆ ಬದುವಿನ ಮೇಲೆ ಕಾದು ಕುಳಿತೆವು. ಕತ್ತಲು ಕವಿಯುವಾಗ ಅವ್ವ ಹೋಗಿ ಮೊಟ್ಟೆ ಮುಟ್ಟಿದಳು.

"ತಣ್ಣಗಾಗೋಯ್ತು ಕಣವ್ವ," ಅಂದು, ತಾನು ಹಾಕಿದ ಗಂಟನ್ನು ಬಿಚ್ಚತೊಡಗಿದಳು. ಬಿಗಿಯಾಗಿಯೇ ಹಾಕಿದ್ದಳು. ಬಿಚ್ಚಲಾಗದೆ, ಕೊನೆಗೆ ಅದೇ ಕುಡುಗೋಲಿನಿಂದ ಕೊಯ್ದಳು.