ಲಿಫ್ಟಿನೊಳಗಿನ ನೂರಾ ಹದಿನೇಳು

ಲಿಫ್ಟ್ ಹತ್ತುವ ಮೊದಲು ಒಂದು ನಿಮಿಷ ನಿಂತು ಇದನ್ನು ಓದಿ...

ಮಂಗಳೂರಿನ ಒಂದು ಕಾಲೇಜಿನಲ್ಲಿ ಫ್ಲೇವಿಯಾ ಎಂಬ ಹುಡುಗಿ ಪಿಎಚ್‌ಡಿ ಮಾಡುತ್ತಿದ್ದಳು. ಗೈಡ್ ಜಲಜಾಕ್ಷಿ ಮೇಡಂ. ಅವರ ದನಿಯನ್ನು ಫ್ಲೇವಿಯಾ ಎಷ್ಟು ಚೆನ್ನಾಗಿ ಅನುಕರಿಸುತ್ತಿದ್ದಳೆಂದರೆ, ಲ್ಯಾಬಿನವರೆಲ್ಲ ಗಾಬರಿಯಾಗಿ ಎದ್ದು ನಿಲ್ಲುತ್ತಿದ್ದರು.

ಅವಳ ವಿಷಯ ಮಾಡೆಲ್ ಕೌಂಟಿಂಗ್. ರ‍್ಯಾಂಪ್ ಮೇಲೆ ನಡೆಯುವವರನ್ನು ಎಣಿಸಲಿಕ್ಕೆ ಇಷ್ಟು ಓದಬೇಕಾ ಎಂದು ಮನೆಯಲ್ಲಿ ತಮಾಷೆ ಮಾಡುತ್ತಿದ್ದರು.

ಅಲ್ಲ... ಒಂದು ಮನೆಗೆ ಕರೆಂಟ್ ಹೋಗುವ ಸಾಧ್ಯತೆ ಎಷ್ಟು? ತಂತಿ ತುಂಡಾಗಬಹುದು, ಆಗದಿರಬಹುದು. ಫ್ಯೂಸ್ ಹೋಗಬಹುದು, ಹೋಗದಿರಬಹುದು.

ಹೀಗೆ ಆಗಬಹುದಾದ ಒಂದೊಂದು ಜಗತ್ತನ್ನೂ ಕಲ್ಪಿಸಿ, ಯಾವ ಜಗತ್ತುಗಳಲ್ಲಿ ಮನೆ ಕತ್ತಲಾಗುತ್ತದೋ ಅವನ್ನೆಲ್ಲ ತೂಕ ನೋಡಿ ಎಣಿಸುವ ಪ್ರೋಗ್ರಾಂ ಅವಳದು.

ಅದು ಕೊಟ್ಟ ಉತ್ತರ... ನೂರಕ್ಕೆ ನೂರಾ ಹದಿನೇಳು.

ನೂರು ದಾಟಿದ ಕತ್ತಲೆ ಎಲ್ಲಾದರೂ ಉಂಟಾ? ಎಷ್ಟು ಹುಡುಕಿದರೂ ತಪ್ಪು ಸಿಗಲಿಲ್ಲ. ನಾಚಿಕೆಯಿಂದ ಮೇಡಂ ಕಣ್ಣಿಗೆ ಬೀಳುವುದನ್ನೇ ಬಿಟ್ಟಳು.

ಪಿಎಚ್‌ಡಿ ಕೆಲಸ ಪರಿಶೀಲಿಸುವ ಕಮಿಟಿಯೆದುರು ಅದನ್ನು ತೋರಿಸಲು ಒಂದೇ ದಿನ ಉಳಿದಿತ್ತು. ಅದಕ್ಕೇ ಆವತ್ತು, ಪಿಎಚ್‌ಡಿ ಬಿಡುತ್ತೇನೆಂದು ಹೇಳಲು ನಾಲ್ಕನೇ ಮಹಡಿಯ ಕಾಲೇಜು ಆಫೀಸಿಗೆ ಹೊರಟಳು. ಲಿಫ್ಟಿನಲ್ಲಿ... ಏಕೆಂದರೆ ಮೇಡಂ ಯಾವತ್ತೂ ಮೆಟ್ಟಿಲು ಹತ್ತುವವರು.

ಬಾಗಿಲು ಮುಚ್ಚುವಷ್ಟರಲ್ಲಿ ಮೇಡಂ ಒಳಗೆ ನುಗ್ಗಿದರು.

ಎರಡು ಮಹಡಿಗಳ ನಡುವೆ ಲಿಫ್ಟ್ ಕೆಟ್ಟು ನಿಂತಿತು. ದೀಪ ಹೋಯಿತು. ಬೆಲ್ ಒತ್ತಿದರೆ ಸದ್ದಿಲ್ಲ, ಫೋನಿಗೆ ಸಿಗ್ನಲ್ ಇಲ್ಲ.

ತಪ್ಪಿಸಿಕೊಳ್ಳಲು ಹೋದವಳು ತಪ್ಪಿಸಿಕೊಳ್ಳಲಾಗದ ಜಾಗದಲ್ಲೇ ಸಿಕ್ಕಿಬಿದ್ದಿದ್ದಳು.

"ಎಂತ ಮಾರಾಯ್ತಿ, ಎಲ್ಲಿಗೆ ಹೊರಟದ್ದು?" ಮೇಡಂ ಕೇಳಿದರು.

ಮುಖ ಕಾಣುವುದಿಲ್ಲವೆಂಬ ಧೈರ್ಯಕ್ಕೆ ಎಲ್ಲ ಹೇಳಿದಳು. ಆ ನೂರಾ ಹದಿನೇಳು... ಪ್ರೋಗ್ರಾಂ ಎಂದೂ ಸರಿಯಾಗದೆಂಬ ಭಯ, ಕಮಿಟಿ ನಗುವ ಭಯ, ಸ್ಕಾಲರ್‌ಶಿಪ್ ನಿಲ್ಲುವ ಭಯ, ಅಪ್ಪ ತಲೆ ತಗ್ಗಿಸುವ ಭಯ...

ಒಂದೊಂದೂ ನಿಜವಾಗುವ ಸಾಧ್ಯತೆ ನೂರಕ್ಕೆ ಎಷ್ಟು ಎಂದು ಮೇಡಂ ಕೇಳಿದರು. ಐವತ್ತು, ನಲವತ್ತು, ನಲವತ್ತು, ಮೂವತ್ತು ಎಂದಳು.

"ಇದೂ ನೂರು ದಾಟಿತಲ್ಲ. ಕಮಿಟಿ ನಗುವುದು ಯಾವ ಜಗತ್ತಿನಲ್ಲಿ?"

"ಪ್ರೋಗ್ರಾಂ ತಪ್ಪಿದ ಜಗತ್ತಿನಲ್ಲಿ."

"ಅಪ್ಪ ತಲೆ ತಗ್ಗಿಸುವುದು?"

"ಅದೇ... ಅದೇ ಜಗತ್ತಿನಲ್ಲಿ ಮೇಡಂ."

ಅಲ್ಲಿಗೆ ಅವಳಿಗೆ ತನ್ನ ಪ್ರೋಗ್ರಾಂನ ತಪ್ಪು ಹೊಳೆಯಿತು. ತಂತಿಯೂ ತುಂಡಾಗಿ ಫ್ಯೂಸೂ ಹೋದ ಜಗತ್ತನ್ನು ಪ್ರೋಗ್ರಾಂ ತಂತಿಯ ಲೆಕ್ಕದಲ್ಲೊಮ್ಮೆ, ಫ್ಯೂಸಿನ ಲೆಕ್ಕದಲ್ಲಿ ಇನ್ನೊಮ್ಮೆ ಎಣಿಸುತ್ತಿತ್ತು...

ತಂತಿ ಸರಿಯಿರುವ ಜಗತ್ತುಗಳಲ್ಲಿ ಮಾತ್ರ ಫ್ಯೂಸನ್ನು ನೋಡಿದ್ದರೆ ಸಾಕಿತ್ತು. ಪುಸ್ತಕದಲ್ಲಿ ಓದಿದ್ದೇ. ಹೆದರಿಕೆಯಲ್ಲಿ ಹೊಳೆದಿರಲಿಲ್ಲ.

ಖುಷಿಯಿಂದ ಮೇಡಂ ಕೈ ಹಿಡಿದಳು. ಆ ಕೈ ಬೆವರಿ ಒದ್ದೆಯಾಗಿತ್ತು.

"ನನಗೆ ಮುಚ್ಚಿದ ಜಾಗ ಆಗುವುದಿಲ್ಲ ಮಾರಾಯ್ತಿ. ಅದಕ್ಕೇ ಮೆಟ್ಟಿಲು. ಇವತ್ತು ನೀನು ಒಳಗೆ ಹೋಗುವುದು ಕಂಡಿತು... ಬಿಟ್ಟರೆ ಮತ್ತೆ ಸಿಗಲಿಕ್ಕಿಲ್ಲ ಅಂತ ಅನಿಸಿತು."

ಫ್ಲೇವಿಯಾಳ ಕಣ್ಣು ತುಂಬಿತು. ಆ ಕೈಯನ್ನು ಬಿಗಿಯಾಗಿ ಹಿಡಿದು, ಮೇಡಂ ದನಿಯಲ್ಲೇ ಗತ್ತಿನಿಂದ ಹೇಳಿದಳು. "ಹೆದರಬೇಡ ಮಾರಾಯ್ತಿ, ಬಾಗಿಲು ತೆರೆಯುವ ಜಗತ್ತೂ ಉಂಟು."

ಕತ್ತಲಲ್ಲಿ ಮೇಡಂ ನಕ್ಕರು... ಅಳು ಬೆರೆತ ನಗು.

ಸ್ವಲ್ಪ ಹೊತ್ತಿನ ಮೇಲೆ ಲಿಫ್ಟ್ ಮತ್ತೆ ಚಲಿಸಿ ಬಾಗಿಲು ತೆರೆದಾಗ ಫ್ಲೇವಿಯಾ ಮೇಲಿನ ಆಫೀಸಿಗೆ ಹೋಗಲಿಲ್ಲ. ಮೇಡಂ ಜೊತೆ ಮೆಟ್ಟಿಲಿಳಿದು ಲ್ಯಾಬಿಗೆ ಹೋದಳು. ಮರುದಿನ ಕಮಿಟಿಯೆದುರು ಉತ್ತರ ನೂರರೊಳಗೇ ಬಂತು.

ಒಂದೇ ಭಯ ನಾಲ್ಕು ಹೆಸರಿಟ್ಟುಕೊಂಡು ಬಂದರೆ, ಅದನ್ನು ಒಮ್ಮೆ ಮಾತ್ರ ಎಣಿಸಿ.

ಈಗ ಹೇಳಿ... ಮೇಲೂ ಹೋಗಲು ಬಿಡದೆ, ಕೆಳಗೂ ಇಳಿಯಲು ಬಿಡದೆ ನಿಮ್ಮನ್ನು ಹಿಡಿದು ನಿಲ್ಲಿಸಿರುವ ಭಯಗಳು ನಿಜಕ್ಕೂ ಎಷ್ಟು?